ನಂಬುವಂತಿರುವ ಸಂಖ್ಯೆಯನ್ನೇ ಮೊದಲು ಅನುಮಾನಿಸಬೇಕು

ಹೊಸ ಪ್ರೊಸೆಸರ್ ಚಿಪ್ಪಾಗಿ ಕೈಗೆ ಬರುವ ವರ್ಷಗಳ ಮೊದಲೇ ತಂತ್ರಾಂಶವಾಗಿ ಓಡುತ್ತಿರುತ್ತದೆ. ಎಷ್ಟು ಕೋರ್, ಅಂದರೆ ಲೆಕ್ಕ ಮಾಡುವ ಘಟಕ, ಇರಬೇಕು, ಒಂದೊಂದು ಕೋರಿಗೆ ಎಷ್ಟು ಕ್ಯಾಷ್ ಮೆಮೊರಿ ಕೊಡಬೇಕು, ಒಂದು ಕೋರ್ ಬರೆದದ್ದು ಇನ್ನೊಂದಕ್ಕೆ ಯಾವ ದಾರಿಯಲ್ಲಿ ತಿಳಿಯಬೇಕು ಎಂಬುದೆಲ್ಲ ಆ ತಂತ್ರಾಂಶ ಕೊಡುವ ಅಂಕಿಗಳನ್ನು ನೋಡಿ ತೀರ್ಮಾನವಾಗುತ್ತದೆ. ಇದನ್ನೇ ಸಿಮ್ಯುಲೇಟರ್ ಎನ್ನುವುದು. ಚಿಪ್ ತಯಾರಾದ ಮೇಲೆ ತಪ್ಪು ತಿದ್ದಲು ಹೊರಟರೆ ಕೋಟಿಗಟ್ಟಲೆ ಖರ್ಚು, ತಿಂಗಳುಗಟ್ಟಲೆ ವಿಳಂಬ. ಸಿಮ್ಯುಲೇಟರಿನಲ್ಲಾದರೆ ಕೆಲವು ಸಾಲು ಬದಲಿಸಿ ಮತ್ತೆ ಓಡಿಸಿದರೆ ಆಯಿತು. ಆದರೆ ಸಿಮ್ಯುಲೇಟರ್ ಕೂಡ ಒಂದು ದೊಡ್ಡ ಪ್ರೋಗ್ರಾಂ. ಅದರಲ್ಲೂ ಬಗ್‌ಗಳಿರುತ್ತವೆ. ಹಲವು ಕೋರ್‌ಗಳು ಒಂದೇ ಮೆಮೊರಿಯನ್ನು ಹಂಚಿಕೊಂಡಾಗ ಕ್ಯಾಷ್‌ನಲ್ಲಿ ಹುಟ್ಟುವ ಬಗ್‌ಗಳಷ್ಟು ಕಾಡುವಂಥವು ಬೇರೆ ಕಡಿಮೆ.

ಕನ್ನಡ ಓದುಗರಿಗೆ ಇದು ದೂರದ ವಿಷಯವೇನಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ ಝಿಯಾನ್ 7400 ಸರಣಿಯ ಪ್ರೊಸೆಸರ್, ಕಂಪನಿಯೊಳಗೆ ಡನಿಂಗ್ಟನ್ ಎಂದು ಕರೆಸಿಕೊಂಡದ್ದು, ಬೆಂಗಳೂರಿನ ತಂಡ ವಿನ್ಯಾಸ ಮಾಡಿದ ಚಿಪ್. ಅದರಲ್ಲಿ ಆರು ಕೋರ್. ಎರಡೆರಡು ಕೋರ್‌ಗೆ ಒಂದರಂತೆ 3 ಎಂಬಿ ಕ್ಯಾಷ್, ಆರಕ್ಕೂ ಸೇರಿ 16 ಎಂಬಿಯ ಇನ್ನೊಂದು. ಚಿಪ್ಪಿನ ಜಾಗದ ದೊಡ್ಡ ಪಾಲನ್ನು ತೆಗೆದುಕೊಳ್ಳುವುದು ಈ ಕ್ಯಾಷ್‌ಗಳೇ. ಇವತ್ತು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಇಂಥ ಕೆಲಸ ಮಾಡುವ ಸಾವಿರಾರು ಎಂಜಿನಿಯರುಗಳಿದ್ದಾರೆ. ಅವರು ದಿನವಿಡೀ ಏನು ಮಾಡುತ್ತಾರೆ ಎಂದು ಮನೆಯವರಿಗೆ ಬಿಡಿಸಿ ಹೇಳುವುದು ಸುಲಭವಲ್ಲ. ಈ ಬರಹ ಅಂಥದೊಂದು ಪ್ರಯತ್ನ.

ಕ್ಯಾಷ್ ಏಕೆ ಬೇಕು? ಪ್ರೊಸೆಸರ್ ಲೆಕ್ಕ ಮಾಡುವ ವೇಗಕ್ಕೂ ಮುಖ್ಯ ಮೆಮೊರಿ ಮಾಹಿತಿ ಒದಗಿಸುವ ವೇಗಕ್ಕೂ ಅಜಗಜಾಂತರ. ಕೋರಿನ ಪಕ್ಕದಲ್ಲೇ ಇರುವ ಮೊದಲ ಹಂತದ ಕ್ಯಾಷ್‌ನಲ್ಲಿ ಬೇಕಾದದ್ದು ಸಿಕ್ಕರೆ ನಾಲ್ಕೈದು ಸೈಕಲ್‌ಗಳಲ್ಲಿ, ಅಂದರೆ ಪ್ರೊಸೆಸರ್ ಗಡಿಯಾರದ ನಾಲ್ಕೈದು ಮಿಡಿತಗಳಲ್ಲಿ, ಕೆಲಸ ಮುಗಿಯುತ್ತದೆ, ಇದು ಹಿಟ್. ಎಲ್ಲೂ ಸಿಗದೆ ಮುಖ್ಯ ಮೆಮೊರಿಗೆ ಹೋಗಬೇಕಾದರೆ ಇನ್ನೂರು, ಮುನ್ನೂರು ಸೈಕಲ್ ಕಾಯಬೇಕು, ಇದು ಮಿಸ್. ಚಿಕ್ಕದಾದರೂ ಚುರುಕಾದ ಮೆಮೊರಿಯೊಂದನ್ನು ನಡುವೆ ಇಡುವ ಯೋಚನೆಯನ್ನು ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲಿ ಬರೆದು ಪ್ರಕಟಿಸಿದರು. 1968ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ/360ರ ಮಾಡೆಲ್ 85 ಅದನ್ನು ವಾಣಿಜ್ಯ ಯಂತ್ರಕ್ಕೆ ತಂದಿತು. ಇಂದಿನ ಸಾಮಾನ್ಯ ಪ್ರೊಸೆಸರ್‌ಗಳಲ್ಲಿ ಮಾಹಿತಿ ಒಂದೊಂದೇ ಬೈಟಾಗಿ ಓಡಾಡುವುದಿಲ್ಲ. 64 ಬೈಟ್‌ಗಳ ಒಂದು ತುಂಡಾಗಿ ಬಂದು ಹೋಗುತ್ತದೆ. ಆ ತುಂಡಿಗೆ ಲೈನ್ ಎಂದು ಹೆಸರು.

ಒಂದೇ ಕೋರ್ ಇದ್ದಷ್ಟು ದಿನ ಇದು ಸರಳ. ಕೋರ್‌ಗಳು ಹೆಚ್ಚಾದಾಗ ತೊಡಕು ಶುರು. ತಾಲ್ಲೂಕು ಕಚೇರಿಯನ್ನು ನೆನೆಸಿಕೊಳ್ಳಿ. ಅಸಲು ದಾಖಲೆ ರೆಕಾರ್ಡ್ ರೂಮಿನಲ್ಲಿದೆ. ಪದೇಪದೇ ಅಲ್ಲಿಗೆ ಹೋಗಿ ಬರುವುದು ತಡವೆಂದು ಗುಮಾಸ್ತರು ತಮ್ಮ ತಮ್ಮ ಮೇಜಿನ ಮೇಲೆ ನಕಲು ಇಟ್ಟುಕೊಂಡಿದ್ದಾರೆ. ಒಬ್ಬರು ತಮ್ಮ ನಕಲಿನಲ್ಲಿ ಖಾತೆದಾರನ ಹೆಸರು ತಿದ್ದಿದರು. ಪಕ್ಕದ ಮೇಜಿನವರು ಹಳೆಯ ನಕಲನ್ನೇ ನೋಡಿ ಪಹಣಿ ಕೊಟ್ಟರು. ಇಬ್ಬರೂ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದ್ದಾರೆ, ಜಮೀನು ಮಾತ್ರ ತಪ್ಪು ಹೆಸರಿಗೆ ಹೋಯಿತು. ಇದನ್ನು ತಡೆಯಲು ಯಾವ ಕಡತ ಯಾರ ಮೇಜಿನಲ್ಲಿದೆ ಎಂದು ಬರೆದಿಡುವ ಒಂದು ವಹಿ ಬೇಕು. ತಿದ್ದುವವರು ಮೊದಲು ಉಳಿದ ನಕಲುಗಳನ್ನೆಲ್ಲ ರದ್ದು ಮಾಡಿಸಬೇಕು ಎಂಬ ನಿಯಮವೂ ಬೇಕು. ಪ್ರೊಸೆಸರ್‌ನಲ್ಲಿ ಆ ವಹಿಗೆ ಡೈರೆಕ್ಟರಿ ಎನ್ನುತ್ತಾರೆ, ನಿಯಮಾವಳಿಗೆ ಕೊಹೆರೆನ್ಸ್ ಪ್ರೋಟೊಕಾಲ್ ಎನ್ನುತ್ತಾರೆ.

ಬಹಳ ಬಳಕೆಯಲ್ಲಿರುವ ನಿಯಮಾವಳಿಗೆ ಮೆಸಿ ಎಂದು ಹೆಸರು. 1984ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಪಾಪಮಾರ್ಕೋಸ್ ಮತ್ತು ಜನಕ್ ಪಟೇಲ್ ಪ್ರಕಟಿಸಿದ್ದು. ಅದರ ಪ್ರಕಾರ ಒಂದು ಕ್ಯಾಷ್‌ನಲ್ಲಿ ಒಂದು ಲೈನ್ ನಾಲ್ಕು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ: ನಾನೇ ತಿದ್ದಿದ್ದೇನೆ, ನನ್ನ ಬಳಿ ಮಾತ್ರ ಇದೆ, ಬೇರೆಯವರ ಬಳಿಯೂ ಇದೆ, ನನ್ನ ಬಳಿ ಇಲ್ಲ. ಒಂದು ಹಾಳೆಯ ಮೇಲೆ ಇದರ ಚಿತ್ರ ಬರೆಯಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ ಕೂಡ.

ಕೋಡ್ ಬರೆಯಲು ಕುಳಿತಾಗ ಮಾತ್ರ ನಾಲ್ಕು ಸ್ಥಿತಿ ಹತ್ತಾರು ಆಗುತ್ತದೆ. ಏಕೆಂದರೆ ಸಂದೇಶ ಕಳುಹಿಸುವುದಕ್ಕೂ ಉತ್ತರ ಬರುವುದಕ್ಕೂ ನಡುವೆ ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಲೈನ್ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಸ್ಥಿತಿಯಲ್ಲಿರುತ್ತದೆ. ಬಗ್‌ಗಳು ಹೆಚ್ಚಾಗಿ ಮನೆ ಮಾಡುವುದು ಅಲ್ಲೇ. ಒಂದನ್ನು ಹತ್ತಿರದಿಂದ ನೋಡೋಣ.

ಕೋರ್ 0ರ ಕ್ಯಾಷ್‌ನಲ್ಲಿ ಒಂದು ಲೈನ್ ಇದೆ, ಅದರಲ್ಲಿ ಹೊಸದಾಗಿ ತಿದ್ದಿದ ಬೆಲೆ ಇದೆ. ಜಾಗ ಸಾಲದ್ದರಿಂದ ಕೋರ್ 0 ಆ ಲೈನನ್ನು ಹೊರಹಾಕಲು ತೀರ್ಮಾನಿಸಿ, ‘ಇದನ್ನು ವಾಪಸ್ ತೆಗೆದುಕೋ’ ಎಂದು ಬೆಲೆಯ ಸಮೇತ ಡೈರೆಕ್ಟರಿಗೆ ಸಂದೇಶ ಕಳಿಸುತ್ತದೆ. ಸಂದೇಶ ಇನ್ನೂ ದಾರಿಯಲ್ಲಿದೆ. ಅಷ್ಟರಲ್ಲಿ ‘ಅದೇ ಲೈನಿಗೆ ನಾನು ಬರೆಯಬೇಕು’ ಎಂಬ ಕೋರ್ 1ರ ಕೋರಿಕೆ ಡೈರೆಕ್ಟರಿಯನ್ನು ಮೊದಲು ತಲುಪುತ್ತದೆ. ಡೈರೆಕ್ಟರಿಯ ದಾಖಲೆಯಲ್ಲಿ ಒಡೆಯ ಇನ್ನೂ ಕೋರ್ 0. ಹಾಗಾಗಿ ಅದು ‘ನಿನ್ನಲ್ಲಿರುವುದನ್ನು ಕೋರ್ 1ಕ್ಕೆ ಕೊಡು’ ಎಂದು ಕೋರ್ 0ಗೆ ಹೇಳಿ, ಹೊಸ ಒಡೆಯ ಕೋರ್ 1 ಎಂದು ಬರೆದುಕೊಳ್ಳುತ್ತದೆ. ಈಗ ಕೋರ್ 0 ಏನು ಮಾಡಬೇಕು? ತನ್ನ ಲೆಕ್ಕದಲ್ಲಿ ಲೈನ್ ಆಗಲೇ ಹೊರಟುಹೋಗಿದೆ. ನಿಯಮದ ಪ್ರಕಾರ, ವಾಪಸಾತಿಗೆ ಡೈರೆಕ್ಟರಿಯಿಂದ ರಸೀದಿ ಬರುವವರೆಗೂ ಅದು ಬೆಲೆಯನ್ನು ಕೈಬಿಡಬಾರದು. ಆ ಬೆಲೆಯನ್ನು ಕೋರ್ 1ಕ್ಕೆ ಕಳುಹಿಸಿ, ರಸೀದಿಗೆ ಕಾಯುತ್ತಲೇ ಇರಬೇಕು. ಇತ್ತ, ತಡವಾಗಿ ಬಂದ ವಾಪಸಾತಿಯನ್ನು ನೋಡಿದ ಡೈರೆಕ್ಟರಿ, ಕಳಿಸಿದವನು ಈಗ ಒಡೆಯನಲ್ಲ ಎಂದು ಗುರುತಿಸಿ, ಅದರಲ್ಲಿದ್ದ ಬೆಲೆಯನ್ನು ಎಸೆದು ರಸೀದಿ ಮಾತ್ರ ಕೊಡಬೇಕು.

ಕೋಡ್ ಬರೆದವರು ಮೊದಲ ನಿಯಮ ಮರೆತರೆ ಕೋರ್ 1 ಬಾರದ ಉತ್ತರಕ್ಕೆ ಕಾಯುತ್ತ ಕೂರುತ್ತದೆ. ಅದನ್ನು ಕಾಯುವವರು ಇನ್ನಷ್ಟು ಜನ, ಕೊನೆಗೆ ಇಡೀ ಯಂತ್ರ ಸ್ತಬ್ಧ. ಇದು ಡೆಡ್‌ಲಾಕ್. ಎರಡನೆಯದು ಮರೆತರೆ ಆಗುವ ಅನಾಹುತ ಇನ್ನೂ ಸದ್ದಿಲ್ಲದ್ದು. ಡೈರೆಕ್ಟರಿ ಹಳೆಯ ಬೆಲೆಯನ್ನು ಮೆಮೊರಿಗೆ ಬರೆದು ‘ಈ ಲೈನಿಗೆ ಒಡೆಯರಿಲ್ಲ’ ಎಂದು ದಾಖಲಿಸಿಬಿಡುತ್ತದೆ. ಕೋರ್ 1 ಅದಕ್ಕಿಂತ ಹೊಸದನ್ನು ಬರೆದಿದ್ದರೂ, ಆಮೇಲೆ ಕೇಳಿಕೊಂಡು ಬರುವ ಕೋರ್ 2ಕ್ಕೆ ಹಳೆಯದೇ ಸಿಗುತ್ತದೆ. ಇಂಥ ಹೊಂದಾಣಿಕೆ ಕೋಟ್ಯಂತರ ಸೈಕಲ್‌ಗಳಲ್ಲಿ ಎಲ್ಲೋ ಒಮ್ಮೆ ಒದಗಿಬರುತ್ತದೆ.

ನಿಜದ ಚಿಪ್‌ಗಳಲ್ಲೂ ಇದು ಆಗಿದೆ. 2007ರಲ್ಲಿ ಎಎಂಡಿ ಕಂಪನಿ ಒಂದೇ ಸಿಲಿಕಾನ್ ತುಂಡಿನಲ್ಲಿ ನಾಲ್ಕು ಕೋರ್ ಇರುವ ಬಾರ್ಸಿಲೋನಾ ಮತ್ತು ಫೆನಮ್ ಪ್ರೊಸೆಸರ್‌ಗಳನ್ನು ಹೊರತಂದಿತು. ಮೆಮೊರಿ ಪುಟಗಳ ಪಟ್ಟಿಯಲ್ಲಿ ‘ಇದನ್ನು ಬಳಸಲಾಗಿದೆ’, ‘ಇದನ್ನು ತಿದ್ದಲಾಗಿದೆ’ ಎಂಬ ಗುರುತು ಹಾಕುವ ಆ ಚಿಕ್ಕ ಅವಧಿಯಲ್ಲೇ ಆ ಲೈನ್ ಎರಡನೇ ಹಂತದ ಕ್ಯಾಷ್‌ನಿಂದ ಮೂರನೇ ಹಂತಕ್ಕೆ ಹೊರಬಿದ್ದರೆ, ಹಳೆಯ ನಕಲೊಂದು ಉಳಿದುಹೋಗುವ ಸಾಧ್ಯತೆ ಅವುಗಳಲ್ಲಿತ್ತು. ಕಂಪನಿ ಅದನ್ನು 298ನೇ ದೋಷವೆಂದು ದಾಖಲಿಸಿತು. ಕಂಪ್ಯೂಟರ್ ಶುರುವಾಗುವಾಗ ಓಡುವ ಬಯಾಸ್ ತಂತ್ರಾಂಶದ ಮೂಲಕ ಕೊಟ್ಟ ತಾತ್ಕಾಲಿಕ ಪರಿಹಾರದಿಂದ ವೇಗ ಕುಸಿಯಿತು. ಸರಿಪಡಿಸಿದ ಚಿಪ್ ಬಂದದ್ದು 2008ರಲ್ಲಿ. ಒಂದು ಲೈನ್ ಹೊರಹೋಗುವುದೂ ಅದಕ್ಕೊಂದು ಗುರುತು ಬೀಳುವುದೂ ಒಂದೇ ಗಳಿಗೆಯಲ್ಲಿ ಘಟಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇಷ್ಟು ದೊಡ್ಡ ಬೆಲೆ ತೆರಬೇಕಾಯಿತು.

ಸಿಮ್ಯುಲೇಟರಿಗೆ ಮರಳೋಣ. ಸಂಶೋಧನೆಯಲ್ಲಿ ಇಂದು ಅತಿ ಹೆಚ್ಚು ಬಳಕೆಯಲ್ಲಿರುವವುಗಳಲ್ಲಿ ಜೆಮ್5 ಒಂದು. ಮಿಷಿಗನ್ ವಿಶ್ವವಿದ್ಯಾಲಯದ ಎಂ5 ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆಮ್ಸ್ ಎಂಬ ಎರಡು ಯೋಜನೆಗಳು ಸೇರಿ ಆದದ್ದು. 2011ರಲ್ಲಿ ಅದರ ಕುರಿತ ಪ್ರಬಂಧ ಹೊರಬಂತು. ಮೂಲ ಕೋಡ್ ಎಲ್ಲರಿಗೂ ಮುಕ್ತ. ಅದರಲ್ಲಿ ಒಂದು ಕೋರಿಕೆಗೆ 5 ಲಕ್ಷ ಸೈಕಲ್ ಕಳೆದರೂ ಉತ್ತರ ಬರದಿದ್ದರೆ ‘ಡೆಡ್‌ಲಾಕ್ ಇರಬಹುದು’ ಎಂದು ಕೂಗಿ ಓಟ ನಿಲ್ಲಿಸುವ ಕಾವಲುಗಾರ ಇದೆ. ಇದು ಉಪಕಾರವೇ. ಆದರೆ ಕೂಗು ಕೇಳಿಸಿದ ಜಾಗದಲ್ಲಿ ತಪ್ಪು ಇರುವುದಿಲ್ಲ, ಐದು ಲಕ್ಷ ಸೈಕಲ್ ಹಿಂದೆ ಇರುತ್ತದೆ. ಆದ್ದರಿಂದ ಸಿಕ್ಕಿಕೊಂಡ ಕೋರಿಕೆ ಯಾವ ವಿಳಾಸಕ್ಕೆ, ಯಾವ ಸೈಕಲ್‌ನಲ್ಲಿ ಹೊರಟಿತ್ತು ಎಂದು ಮೊದಲು ಗುರುತು ಮಾಡಿಕೊಳ್ಳಬೇಕು. ಅದಕ್ಕೂ ಸ್ವಲ್ಪ ಮುಂಚಿನಿಂದ ವಿವರವಾದ ಟ್ರೇಸ್, ಅಂದರೆ ಹೆಜ್ಜೆ ಹೆಜ್ಜೆಯ ದಾಖಲೆ, ಬರೆಸುತ್ತ ಮತ್ತೆ ಓಡಿಸಬೇಕು. ಗಿಗಾಬೈಟ್‌ಗಟ್ಟಲೆ ಸಾಲುಗಳಲ್ಲಿ ಆ ಒಂದು ಲೈನಿನ ವಿಳಾಸವಿರುವವನ್ನು ಮಾತ್ರ ಆರಿಸಿ ತೆಗೆಯಬೇಕು. ಇಲ್ಲೊಂದು ಸೂಕ್ಷ್ಮವಿದೆ: ಪ್ರೋಗ್ರಾಂ ಕೇಳಿದ್ದು ಬೈಟಿನ ವಿಳಾಸ, ಕ್ಯಾಷ್ ಮಾತಾಡುವುದು ಲೈನಿನ ವಿಳಾಸದಲ್ಲಿ. ವಿಳಾಸದ ಕೊನೆಯ ಆರು ಬಿಟ್‌ಗಳನ್ನು ಸೊನ್ನೆ ಮಾಡಿ ಹುಡುಕದಿದ್ದರೆ ಮುಖ್ಯ ಸಾಲುಗಳೇ ಕಣ್ತಪ್ಪಿ ಹೋಗುತ್ತವೆ.

ಮತ್ತೆ ಓಡಿಸಬೇಕು ಎಂದು ಎಷ್ಟು ಸಲೀಸಾಗಿ ಹೇಳಿದೆ! ನಿಜವಾದ ಚಿಪ್‌ನಲ್ಲಿ ಆ ಭಾಗ್ಯವಿಲ್ಲ. ಅಲ್ಲಿ ನಡುವೆ ಒಂದು ಸಾಲು ಪ್ರಿಂಟ್ ಮಾಡಿಸಿದರೂ ಕಾಲದ ಹೊಂದಾಣಿಕೆ ಬದಲಾಗಿ ಬಗ್ ಮಾಯವಾಗುತ್ತದೆ. ಸಿಮ್ಯುಲೇಟರಿನೊಳಗಿನ ಕಾಲವೇ ಬೇರೆ, ನಮ್ಮ ಗೋಡೆ ಗಡಿಯಾರದ ಕಾಲವೇ ಬೇರೆ. ಟ್ರೇಸ್ ಬರೆಯಲು ಒಂದು ಗಂಟೆ ಹಿಡಿದರೂ ಒಳಗಿನ ಒಂದು ಸೈಕಲ್ ಕೂಡ ಆಚೀಚೆ ಆಗುವುದಿಲ್ಲ. ಅದೇ ಪ್ರೋಗ್ರಾಂ, ಅದೇ ಆರಂಭಿಕ ಸ್ಥಿತಿ ಕೊಟ್ಟರೆ ಅದೇ ಸೈಕಲ್‌ನಲ್ಲಿ ಅದೇ ಬಗ್ ಮತ್ತೆ ಎದುರಿಗೆ ಬರಬೇಕು. ಎರಡು ಓಟಗಳಲ್ಲಿ ಬೇರೆ ಬೇರೆ ಫಲಿತಾಂಶ ಬಂದರೆ ಮೊದಲು ಅದನ್ನೇ ಹಿಡಿದು ಸರಿಪಡಿಸಬೇಕು. ಉಳಿದ ಹುಡುಕಾಟ ಆಮೇಲೆ. ಸಿಮ್ಯುಲೇಟರ್ ಬರೆದವರು ಎಲ್ಲೋ ಕಂಪ್ಯೂಟರಿನ ಮೆಮೊರಿ ವಿಳಾಸಗಳ ಅನುಕ್ರಮದಲ್ಲಿ ಪಟ್ಟಿಯೊಂದನ್ನು ಸುತ್ತುತ್ತಿದ್ದರೂ ಸಾಕು, ಓಟದಿಂದ ಓಟಕ್ಕೆ ಕ್ರಮ ಬದಲಾಗಿಬಿಡುತ್ತದೆ. ವೇಗಕ್ಕಾಗಿ ತಾವೇ ಹಲವು ಥ್ರೆಡ್‌ಗಳಲ್ಲಿ, ಅಂದರೆ ಏಕಕಾಲದ ಹಲವು ಎಳೆಗಳಲ್ಲಿ, ಓಡುವ ಸಿಮ್ಯುಲೇಟರ್‌ಗಳಲ್ಲಿ ಈ ನಿಖರ ಪುನರಾವರ್ತನೆ ಕಷ್ಟ. ವೇಗ ಬೇಡವೇ ಎಂದರೆ, ಬೇಕೇ ಬೇಕು. 3 ಗಿಗಾಹರ್ಟ್ಸ್‌ನ ಕೋರ್ ಸೈಕಲ್ಲಿಗೊಂದರಂತೆ ಸೆಕೆಂಡಿಗೆ 300 ಕೋಟಿ ಆದೇಶ ಮುಗಿಸುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ 2 ಲಕ್ಷ ಆದೇಶದ ವೇಗದಲ್ಲಿ ನಡೆಯುವ ವಿವರವಾದ ಸಿಮ್ಯುಲೇಟರಿಗೆ ಆ ಒಂದು ಸೆಕೆಂಡಿನ ಕೆಲಸಕ್ಕೆ 15,000 ಸೆಕೆಂಡ್, ಅಂದರೆ ನಾಲ್ಕು ಗಂಟೆ ಮೀರಿ ಬೇಕು. ಅದೂ ಒಂದು ಕೋರಿಗೆ.

ಹಾಗಾಗಿ ದೊಡ್ಡ ಪ್ರೋಗ್ರಾಂ ಓಡಿಸಿ ಅಪರೂಪದ ಬಗ್ ಎದುರಾಗಲಿ ಎಂದು ಕಾಯುವುದಕ್ಕೆ ಅರ್ಥವಿಲ್ಲ. ಅದು ಪದೇಪದೇ ಎದುರಾಗುವಂತೆ ಮಾಡಬೇಕು. ಕ್ಯಾಷ್ ಅನ್ನು ಬೇಕೆಂದೇ ಪುಟ್ಟದು ಮಾಡಿ, ಬೆರಳೆಣಿಕೆಯ ವಿಳಾಸಗಳಿಗೆ ಹಲವು ಕೋರ್‌ಗಳು ಮುಗಿಬೀಳುವಂತೆ ಮಾಡಿ, ಸಂದೇಶಗಳನ್ನು ಮನಬಂದಂತೆ ತಡಮಾಡಿ, ಓದಿದ ಪ್ರತಿ ಬೆಲೆಯನ್ನೂ ಬರಬೇಕಾದ ಬೆಲೆಯೊಂದಿಗೆ ತಾಳೆ ನೋಡುವುದು ಇದರ ವಿಧಾನ. ಬರ್ಕ್‌ಲಿಯ ಸ್ಪರ್ ಎಂಬ ಯಂತ್ರದ ಕ್ಯಾಷ್ ನಿಯಂತ್ರಕವನ್ನು ಹೀಗೆ ಪರೀಕ್ಷಿಸಿದ ಬಗೆಯನ್ನು ಡೇವಿಡ್ ವುಡ್ ಮತ್ತು ಸಂಗಡಿಗರು 1990ರಲ್ಲಿ ಬರೆದರು. ಜೆಮ್5ನಲ್ಲೂ ಅಂಥ ಪರೀಕ್ಷಕ ಇದೆ. ಇನ್ನೊಂದು ದಾರಿ, ಎಲ್ಲ ಸಾಧ್ಯ ಸ್ಥಿತಿಗಳನ್ನೂ ಗಣಿತದ ರೀತಿಯಲ್ಲಿ ತಡಕಾಡುವುದು. ಎಡ್ಮಂಡ್ ಕ್ಲಾರ್ಕ್ ಅವರ ಕಾರ್ನೆಗಿ ಮೆಲನ್ ತಂಡ 1990ರ ದಶಕದ ಆರಂಭದಲ್ಲಿ ಫ್ಯೂಚರ್‌ಬಸ್+ ಎಂಬ ಐಇಇಇ ಮಾನದಂಡದ ಕೊಹೆರೆನ್ಸ್ ನಿಯಮಗಳಲ್ಲೇ ಹೀಗೆ ದೋಷಗಳನ್ನು ಹುಡುಕಿ ತೋರಿಸಿತು. ತಜ್ಞರ ಸಮಿತಿ ಕೂತು ಒಪ್ಪಿದ ನಿಯಮಗಳವು.

ನನ್ನ ಮಟ್ಟಿಗೆ, ಇಲ್ಲಿಯವರೆಗೆ ಹೇಳಿದ ಬಗ್‌ಗಳೆಲ್ಲ ಒಂದು ಲೆಕ್ಕದಲ್ಲಿ ಪ್ರಾಮಾಣಿಕವಾದವು. ಓಟ ನಿಲ್ಲುತ್ತದೆ, ಇಲ್ಲವೇ ಉತ್ತರ ತಪ್ಪಾಗುತ್ತದೆ; ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಭಯಪಡಬೇಕಾದ ಬಗೆ ಬೇರೆ ಇದೆ. ಹಲವು ಸಿಮ್ಯುಲೇಟರ್‌ಗಳಲ್ಲಿ ಕ್ಯಾಷ್‌ನೊಳಗೆ ಮಾಹಿತಿಯೇ ಇರುವುದಿಲ್ಲ. ಯಾವ ಲೈನ್ ಎಲ್ಲಿದೆ ಎಂಬ ವಿಳಾಸದ ಚೀಟಿ ಮತ್ತು ಎಷ್ಟು ಸೈಕಲ್ ಹಿಡಿಯಿತು ಎಂಬ ಲೆಕ್ಕ ಮಾತ್ರ ಇರುತ್ತವೆ; ಬೆಲೆಗಳೆಲ್ಲ ಒಂದೇ ಸಮಗ್ರ ಮೆಮೊರಿಯಿಂದ ನೇರವಾಗಿ ಬರುತ್ತವೆ. ಜಾಗ ಮತ್ತು ಸಮಯ ಉಳಿಸಲು ಹೀಗೆ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಂಥದ್ದರಲ್ಲಿ ಕೊಹೆರೆನ್ಸ್ ಪೂರ್ತಿ ಕೆಟ್ಟಿದ್ದರೂ ಪ್ರೋಗ್ರಾಂ ಸರಿಯಾದ ಉತ್ತರವನ್ನೇ ಕೊಡುತ್ತದೆ. ಕೆಡುವುದು ಕೊನೆಯಲ್ಲಿ ಅಚ್ಚಾಗುವ ಅಂಕಿಗಳು ಮಾತ್ರ: ಎಷ್ಟು ಹಿಟ್, ಎಷ್ಟು ಮಿಸ್, ಎಷ್ಟು ಸೈಕಲ್. ಶೇ 6 ಮಿಸ್ ಆಗಬೇಕಾದ ಕಡೆ ಶೇ 9 ಎಂದು ಬಂದರೆ ಯಾರು ಹುಬ್ಬೇರಿಸುತ್ತಾರೆ?

ಇಂಥ ಒಂದು ತಪ್ಪು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಆಗುತ್ತದೆ. ಕ್ಯಾಷ್ ಅನ್ನು ಸೆಟ್‌ಗಳೆಂಬ ಸಾಲುಗಳಾಗಿ ವಿಂಗಡಿಸಿರುತ್ತಾರೆ. ಯಾವ ಲೈನ್ ಯಾವ ಸೆಟ್‌ಗೆ ಎಂಬುದನ್ನು ವಿಳಾಸದ ಕೆಲವು ಬಿಟ್‌ಗಳು ಹೇಳುತ್ತವೆ. ಹಲವು ಕೋರ್‌ಗಳ ಚಿಪ್‌ನಲ್ಲಿ ಹಂಚಿಕೆಯ ದೊಡ್ಡ ಕ್ಯಾಷ್ ಬ್ಯಾಂಕ್‌ಗಳಾಗಿ ಒಡೆದಿರುತ್ತದೆ. ಯಾವ ಬ್ಯಾಂಕ್ ಎಂಬುದನ್ನೂ ವಿಳಾಸದ ಬಿಟ್‌ಗಳೇ ಹೇಳುತ್ತವೆ. ನಾಲ್ಕು ಬ್ಯಾಂಕ್ ಎಂದುಕೊಳ್ಳಿ, ಆರಿಸಲು ಎರಡು ಬಿಟ್ ಸಾಕು. ಸೆಟ್ ಆರಿಸುವಾಗ ಆ ಎರಡು ಬಿಟ್‌ಗಳನ್ನು ಬಿಟ್ಟು ಮುಂದಿನವನ್ನು ತೆಗೆದುಕೊಳ್ಳಬೇಕು. ಸಂರಚನೆಯ ಕಡತದಲ್ಲಿ ಅದೊಂದು ಸಂಖ್ಯೆ ತಪ್ಪಿ, ಅದೇ ಎರಡು ಬಿಟ್‌ಗಳು ಸೆಟ್ ಆರಿಸಲೂ ಬಳಕೆಯಾದವು ಎನ್ನಿ. ಒಂದು ಬ್ಯಾಂಕಿಗೆ ಬರುವ ವಿಳಾಸಗಳಲ್ಲೆಲ್ಲ ಆ ಎರಡು ಬಿಟ್ ಒಂದೇ ತೆರನಾಗಿರುತ್ತವೆ. ಹೀಗಾಗಿ ಪ್ರತಿ ಬ್ಯಾಂಕಿನಲ್ಲೂ ಕಾಲುಭಾಗ ಸೆಟ್‌ಗಳು ಮಾತ್ರ ತುಂಬಿ, ಮುಕ್ಕಾಲು ಭಾಗ ಖಾಲಿ ಉಳಿಯುತ್ತದೆ. 16 ಎಂಬಿ ಇದೆ ಎಂದುಕೊಂಡ ಕ್ಯಾಷ್ ಅಸಲಿಗೆ 4 ಎಂಬಿಯಂತೆ ವರ್ತಿಸುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಪ್ರೋಗ್ರಾಂ ಸುಸೂತ್ರವಾಗಿ ಮುಗಿಯುತ್ತದೆ. ಆ ಅಂಕಿಗಳನ್ನು ನೋಡಿದವರು ಕ್ಯಾಷ್ ಇನ್ನೂ ದೊಡ್ಡದಿರಬೇಕು ಎಂಬ ತೀರ್ಮಾನಕ್ಕೆ ಬರಬಹುದು.

ಇದಕ್ಕೆ ಮದ್ದು, ಕೈಯಲ್ಲೇ ಲೆಕ್ಕ ಹಾಕಿ ಮೊದಲೇ ಉತ್ತರ ಹೇಳಬಹುದಾದ ಪುಟ್ಟ ಪ್ರೋಗ್ರಾಂಗಳು. 32 ಕೆಬಿಯ ಕ್ಯಾಷ್, 64 ಬೈಟಿನ ಲೈನ್, ಒಂದು ಸೆಟ್‌ನಲ್ಲಿ ಎಂಟು ಲೈನ್‌ಗೆ ಜಾಗ ಎಂದಿಟ್ಟುಕೊಳ್ಳಿ. 32,768 ಅನ್ನು 64ರಿಂದ ಭಾಗಿಸಿದರೆ 512 ಲೈನ್. ಎಂಟರಿಂದ ಭಾಗಿಸಿದರೆ 64 ಸೆಟ್. ಹಾಗಾದರೆ 4,096 ಬೈಟ್ ಅಂತರದ ವಿಳಾಸಗಳೆಲ್ಲ ಒಂದೇ ಸೆಟ್‌ಗೆ ಬೀಳುತ್ತವೆ. ಅಂಥ ಎಂಟು ವಿಳಾಸಗಳನ್ನು ಸುತ್ತಿ ಸುತ್ತಿ ಸಾವಿರ ಸಲ ಓದಿದರೆ ಮೊದಲ ಸುತ್ತಿನಲ್ಲಿ ಎಂಟು ಮಿಸ್, ಆಮೇಲೆ ಒಂದೂ ಇಲ್ಲ. ಒಂಬತ್ತು ವಿಳಾಸ ಮಾಡಿ ನೋಡಿ. ಬಹಳ ಹೊತ್ತಿನಿಂದ ಬಳಸದ ಲೈನನ್ನು ಹೊರಹಾಕುವ ಪದ್ಧತಿ ಇದ್ದಲ್ಲಿ, ಮುಂದೆ ಬೇಕಾಗುವ ಲೈನೇ ಪ್ರತಿ ಸಲ ಹೊರಬಿದ್ದಿರುತ್ತದೆ. ಒಂಬತ್ತು ಸಾವಿರ ಓದೂ ಮಿಸ್. ಎಂಟರಿಂದ ಒಂಬತ್ತಕ್ಕೆ ಹೋದಾಗ ಅಂಕಿ ಹೀಗೆ ದಿಢೀರನೆ ಜಿಗಿಯದಿದ್ದರೆ ಸೆಟ್ ಆರಿಸುವ ಕೋಡೋ ಹೊರಹಾಕುವ ಕೋಡೋ ತಪ್ಪಿದೆ.

ಕೋರ್‌ಗಳ ನಡುವಿನ ವ್ಯವಹಾರಕ್ಕೆ ಇನ್ನೊಂದು ಪರೀಕ್ಷೆ. ಎರಡು ಥ್ರೆಡ್‌ಗಳು ತಮ್ಮ ತಮ್ಮ ಎಣಿಕೆಯನ್ನು ಒಂದೊಂದಾಗಿ ಹೆಚ್ಚಿಸುತ್ತಾ ಹೋಗಲಿ. ಮೊದಲು ಎರಡು ಎಣಿಕೆಗಳನ್ನೂ ಒಂದೇ ಲೈನಿನಲ್ಲಿ ಪಕ್ಕಪಕ್ಕ ಇಡಿ, ಆಮೇಲೆ ಬೇರೆ ಬೇರೆ ಲೈನ್‌ಗಳಲ್ಲಿ ಇಡಿ. ಮೊದಲ ಬಗೆಯಲ್ಲಿ ಆ ಲೈನ್ ಎರಡು ಕೋರ್‌ಗಳ ನಡುವೆ ಜಗ್ಗಾಡಿ ಓಟ ಬಹಳ ನಿಧಾನವಾಗಬೇಕು. ಎರಡೂ ಬಗೆಗೆ ಸರಿಸುಮಾರು ಅಷ್ಟೇ ಹೊತ್ತು ಹಿಡಿಯಿತು ಎಂದು ಸಿಮ್ಯುಲೇಟರ್ ಹೇಳಿದರೆ, ಅದು ಕೊಹೆರೆನ್ಸ್‌ನ ಖರ್ಚನ್ನು ಲೆಕ್ಕಕ್ಕೇ ಹಿಡಿಯುತ್ತಿಲ್ಲ.

ಇಷ್ಟೆಲ್ಲ ಬೇಕೇ ಎಂದು ಕೇಳುವವರಿಗೆ ಒಂದು ಹಳೆಯ ಅಧ್ಯಯನ ಉತ್ತರ ಕೊಡುತ್ತದೆ. 2001ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ದೇಸಿಕನ್, ಬರ್ಗರ್ ಮತ್ತು ಕೆಕ್ಲರ್ ತಮ್ಮ ಸಿಮ್ಯುಲೇಟರನ್ನು ಆಲ್ಫಾ 21264 ಪ್ರೊಸೆಸರ್ ಇರುವ ನಿಜವಾದ ಕಂಪ್ಯೂಟರಿನ ಪಕ್ಕದಲ್ಲಿಟ್ಟು ತಾಳೆ ನೋಡಿದರು. ಮೇಲೆ ಹೇಳಿದಂಥ 21 ಪುಟ್ಟ ಪ್ರೋಗ್ರಾಂಗಳನ್ನು ಬಳಸಿ ಒಂದೊಂದೇ ತಪ್ಪು ತಿದ್ದುತ್ತ, ಅವುಗಳ ಮೇಲಿನ ಸರಾಸರಿ ದೋಷವನ್ನು ಶೇ 2ಕ್ಕೆ ಇಳಿಸಿದರು. ದೊಡ್ಡ ಪ್ರೋಗ್ರಾಂಗಳಲ್ಲಿ ದೋಷ ಶೇ 40ರಿಂದ ಶೇ 20ರ ಒಳಗೆ ಬಂತು. ಅಷ್ಟು ಶ್ರದ್ಧೆಯಿಂದ ತಿದ್ದಿದ ಮೇಲೂ ಉಳಿದದ್ದು ಇಷ್ಟು. ಹೊಸ ಕ್ಯಾಷ್ ತಂತ್ರದಿಂದ ಶೇ 5 ಲಾಭ ಎಂದು ಸಾರುವ ಪ್ರಬಂಧವನ್ನು ಓದುವಾಗ ಈ ಅಂಕಿಗಳು ನೆನಪಿರಬೇಕು.

ನಮ್ಮಲ್ಲಿ ಈಗ ಚಿಪ್ ವಿಷಯದಲ್ಲಿ ಹುಮ್ಮಸ್ಸು ತುಂಬಿದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೆಮಿಕಂಡಕ್ಟರ್ ಕಾರ್ಯಕ್ರಮಕ್ಕೆ 76,000 ಕೋಟಿ ರೂಪಾಯಿ ಮಂಜೂರು ಮಾಡಿತು. ಐಐಟಿ ಮದ್ರಾಸಿನಲ್ಲಿ ಶಕ್ತಿ ಪ್ರೊಸೆಸರ್ ಬಂದಿದೆ, ಐಐಟಿ ದೆಹಲಿಯಲ್ಲಿ ತೇಜಸ್ ಎಂಬ ಸಿಮ್ಯುಲೇಟರ್ ತಯಾರಾಗಿದೆ. ಇವೆಲ್ಲ ಸಂತೋಷದ ಸಂಗತಿ. ಆದರೆ ಚಿಪ್ ಕಾರ್ಖಾನೆಗೆ ಅಡಿಗಲ್ಲು ಹಾಕುವಾಗ ಸಿಗುವ ಪ್ರಚಾರ, ಸಿಮ್ಯುಲೇಟರಿನ ಟ್ರೇಸ್ ಓದುತ್ತ ಕೂತವರಿಗೆ ಸಿಗುವುದಿಲ್ಲ. ಬಗ್ ಹುಡುಕಿದ್ದಕ್ಕೆ ಪಿಎಚ್‌ಡಿ ಕೊಡುವುದಿಲ್ಲ, ಹೊಸ ತಂತ್ರ ಹೇಳಿದ್ದಕ್ಕೆ ಕೊಡುತ್ತಾರೆ. ಹೀಗಾಗಿ ವಿದ್ಯಾರ್ಥಿ ಸಿಮ್ಯುಲೇಟರನ್ನು ಇಳಿಸಿಕೊಂಡು, ಸಿಕ್ಕ ಸಂರಚನೆಯನ್ನೇ ಇಟ್ಟುಕೊಂಡು, ಬಂದ ಅಂಕಿಗೆ ಗ್ರಾಫ್ ಬರೆದು ಮುಗಿಸುತ್ತಾನೆ. ತಪ್ಪು ಅವನದಲ್ಲ, ನಾವು ಕೇಳುವುದೇ ಗ್ರಾಫ್ ಅನ್ನು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಆರ್ಕಿಟೆಕ್ಚರ್ ಪ್ರಯೋಗಾಲಯಗಳಲ್ಲಿ ಮೊದಲ ಅಭ್ಯಾಸವಾಗಿ ಆ ಎಂಟು ಮತ್ತು ಒಂಬತ್ತು ವಿಳಾಸಗಳ ಪರೀಕ್ಷೆಯನ್ನೇ ಕೊಡಲಿ: ಉತ್ತರವನ್ನು ಮೊದಲು ಕಾಗದದ ಮೇಲೆ ಬರೆದು ಸಹಿ ಹಾಕಿ, ಆಮೇಲೆ ಓಡಿಸಲಿ. ಪ್ರಬಂಧ ಪ್ರಕಟಿಸುವವರು ಗ್ರಾಫ್‌ನ ಜೊತೆಗೆ ತಾವು ಬಳಸಿದ ಕೋಡನ್ನೂ ಸಂರಚನೆಯ ಕಡತವನ್ನೂ, ಸಿಮ್ಯುಲೇಟರ್ ಪಾಸಾದ ಪುಟ್ಟ ಪರೀಕ್ಷೆಗಳ ಪಟ್ಟಿಯನ್ನೂ ಸೇರಿಸಲಿ. ಇದಕ್ಕೆ ಸರ್ಕಾರದ ಅನುದಾನಕ್ಕೆ ಕಾಯಬೇಕಿಲ್ಲ. ಮಾರ್ಗದರ್ಶಕರು ಕೇಳಿದರೆ ಸಾಕು, ಮುಂದಿನ ಸೆಮಿಸ್ಟರಿನಿಂದಲೇ ಆಗುವ ಕೆಲಸ.